ಹಳದಿ ಲಾರಿಯ ಕೆಳಗೆ

ನಗರಸಭೆಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಬೀದಿನಾಯಿ ಹಿಡಿಯುವ ಕೆಲಸ. ಊರಿಗೆಲ್ಲ ಅವನು ನಾಯಿಯಣ್ಣ. ಮೊದಲು ಬೆನ್ನ ಹಿಂದೆ ಹಾಗೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅಂದರು, ಕೊನೆಗೆ ಅವನ ಹೆಂಡತಿಯ ತವರಿನವರು ಕಾಗದದ ಮೇಲೂ ಹಾಗೇ ಬರೆದರು. ಕಾಗದ ನೆಟ್ಟಗೆ ಮನೆಗೆ ಬಂತು.

ಬೇರೆ ಊರುಗಳಲ್ಲಿ ಈ ಕೆಲಸಕ್ಕೆ ನಾಲ್ಕು ಜನ, ಎರಡು ಬಲೆ, ಒಂದಿಷ್ಟು ಬೈಗುಳ ಬೇಕಾಗುತ್ತವೆ. ನಾಯಿಯಣ್ಣ ಬಲೆಯನ್ನು ವ್ಯಾನಿನಲ್ಲೇ ಬಿಟ್ಟು, ನಾಯಿಗೆ ಬೆನ್ನು ಮಾಡಿ ನೆಲದ ಮೇಲೆ ಕೂರುತ್ತಿದ್ದ. ಕೂತು, ಕಚೇರಿಯ ಸುದ್ದಿಯನ್ನೆಲ್ಲ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ: ಯಾರಿಗೆ ವರ್ಗವಾಯಿತು, ಯಾರ ಕುರ್ಚಿಯ ಕಾಲು ಮುರಿಯಿತು, ಯಾವ ಕಡತ ಯಾವ ಕಪಾಟಿನಲ್ಲಿ ಕೊಳೆಯುತ್ತಿದೆ. ಹತ್ತು ನಿಮಿಷದೊಳಗೆ ನಾಯಿ ಬಂದು ಅವನ ಕತ್ತಿನ ಹಿಂದೆ ಮೂಸುತ್ತಿತ್ತು. ಊರಿನ ನಾಯಿಗಳಿಗೆ ಆಡಳಿತದ ಒಳಗುಟ್ಟು ಎಷ್ಟು ತಿಳಿದಿತ್ತೆಂದರೆ, ಸಭೆಯಲ್ಲಿ ಅವಿಶ್ವಾಸ ಗೊತ್ತುವಳಿ ಮಂಡನೆಯಾಗುವ ಹಿಂದಿನ ದಿನವೇ ಕಚೇರಿಯ ಅಂಗಳದ ನಾಯಿಗಳು ಜಾಗ ಬದಲಿಸುತ್ತಿದ್ದವು ಎಂದು ಹೇಳುವವರಿದ್ದಾರೆ.

ಅವನ ನೆನಪಿನ ಮಾತೇ ಬೇರೆ. ನಾಲ್ಕು ಸಾವಿರ ನಾಯಿಗಳ ವಿಳಾಸ ಅವನ ತಲೆಯಲ್ಲಿತ್ತು. ಯಾವ ನಾಯಿಗೆ ಯಾವ ತಿರುವು, ಯಾವುದರ ತಾಯಿ ಯಾವ ಮೋರಿಯ ಬಳಿ ಮರಿ ಹಾಕಿತ್ತು, ಎಲ್ಲ ಬಾಯಿಪಾಠ.

“ಬೇಕರಿ ಸಂದಿಯ ಕುಂಟ ನಾಯಿಯ ಅಜ್ಜಿ ಯಾರು ಅಂತ ನಿಮಗೆ ಗೊತ್ತು. ನಮ್ಮ ಮದುವೆ ಆಗಿ ಎಷ್ಟು ವರ್ಷ ಆಯ್ತು, ಹೇಳಿ ನೋಡೋಣ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವಳು. ಮಾತನ್ನೂ ಅಳತೆ ತೆಗೆದೇ ಆಡುವವಳು.

“ತುಂಬಾ ಆಯ್ತು,” ಎಂದಿದ್ದ ನಾಯಿಯಣ್ಣ.

ನಿಯಮ ಸರಳವಾಗಿತ್ತು. ಹಿಡಿದ ನಾಯಿಗೆ ಸಂತಾನ ಆಗದ ಹಾಗೆ ಶಸ್ತ್ರಚಿಕಿತ್ಸೆ ಮಾಡಬೇಕು, ಚುಚ್ಚುಮದ್ದು ಹಾಕಬೇಕು, ಗುರುತಿಗೆ ಕಿವಿಯ ತುದಿ ಕತ್ತರಿಸಬೇಕು, ಐದನೆಯ ದಿನ ಹಿಡಿದ ಜಾಗದಲ್ಲೇ ತಂದು ಬಿಡಬೇಕು. ಈ ಕೊನೆಯ ಮಾತಿನ ಮೇಲೆ ಊರು ಎರಡು ಹೋಳಾಗಿತ್ತು. ಹಿಡಿದ ಮೇಲೆ ಮತ್ತೆ ತಂದು ಬಿಡುವುದು ಯಾವ ನ್ಯಾಯ ಎನ್ನುವವರು ಒಂದು ಕಡೆ, ಅವು ಎಲ್ಲಿಗೆ ಹೋಗಬೇಕು ಎನ್ನುವವರು ಇನ್ನೊಂದು ಕಡೆ. ಒಂದು ಮನೆಯಲ್ಲಂತೂ ಗಂಡ ಆ ಪಕ್ಷ, ಹೆಂಡತಿ ಈ ಪಕ್ಷ. ಅವರು ಗೋಡೆ ಒಡೆಸಿ ಎರಡನೆಯ ಬಾಗಿಲು ಇಡಿಸಿದರು. ನಾಯಿಯಣ್ಣನನ್ನು ಕೇಳಿದರೆ ಅವನು ವಾದ ಮಾಡುತ್ತಿರಲಿಲ್ಲ. “ಒಂದು ನಾಯಿ ಎತ್ತಿಕೊಂಡು ಹೋದ್ರೆ ಆ ಜಾಗ ಖಾಲಿ ಇರತ್ತಾ ಸ್ವಾಮಿ? ಬಾಡಿಗೆಗೆ ಬೇರೊಂದು ಬರತ್ತೆ. ಅದಕ್ಕೆ ಚುಚ್ಚುಮದ್ದೂ ಆಗಿರಲ್ಲ, ನಿಮ್ಮ ಪರಿಚಯವೂ ಇರಲ್ಲ,” ಎನ್ನುತ್ತಿದ್ದ.

ಹಿಡಿದ ಜಾಗವನ್ನು ಗುರುತಿನ ಸಮೇತ ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದು ಆ ನಿಯಮದ ಬಾಲ. ತಲೆಯಲ್ಲೇ ಎಲ್ಲ ಇದ್ದವನಿಗೆ ಬರೆಯುವುದು ಶಾಸ್ತ್ರಕ್ಕೆ ಮಾತ್ರ. ಕಣ್ಣಿಗೆ ಏನು ಬಿತ್ತೋ ಅದನ್ನೇ ಗುರುತು ಎಂದು ಗೀಚುತ್ತಿದ್ದ. ಹಾಗೆ ಒಂದು ದಿನ, ನಾಲ್ಕನೆಯ ತಾರೀಖು, ಮರ ಕೊಯ್ಯುವ ಸಾಮಿಲ್ ರಸ್ತೆಯಲ್ಲಿ ಕಂದು ಬಣ್ಣದ ಒಂದು ಹೆಣ್ಣುನಾಯಿಯನ್ನು ಹಿಡಿದ. ಸಂಖ್ಯೆ ನೂರಾ ಹನ್ನೆರಡು. ಜಾಗ ಎಂಬ ಅಂಕಣದಲ್ಲಿ ಬರೆದ: “ಹಳದಿ ಲಾರಿಯ ಕೆಳಗೆ.”

ಹಾಗೆ ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಲಾರಿ ಅಲ್ಲಿ ಹನ್ನೊಂದು ವರ್ಷದಿಂದ ನಿಂತಿತ್ತು. ಚಕ್ರಗಳು ಕೂತು, ಬಾನೆಟ್ಟಿನೊಳಗೆ ಹುಲ್ಲು ಬೆಳೆದು, ಒಂದು ಪುಟ್ಟ ಮರವೇ ಎದ್ದಿತ್ತು. ಇನ್ನೆರಡು ವರ್ಷ ಬಿಟ್ಟಿದ್ದರೆ ಅರಣ್ಯ ಇಲಾಖೆ ಬಂದು ಬೇಲಿ ಹಾಕುತ್ತಿತ್ತು. ಆ ರಸ್ತೆಯವರು ನೆಂಟರಿಗೆ ದಾರಿ ಹೇಳುವಾಗ “ಹಳದಿ ಲಾರಿಯಿಂದ ಮೂರನೇ ಮನೆ” ಎನ್ನುತ್ತಿದ್ದರು. ಬೆಟ್ಟ ಕದಲಿದರೂ ಅದು ಕದಲದು ಎಂಬ ನಂಬಿಕೆ ಎಲ್ಲರಿಗೂ ಇತ್ತು.

ಆರನೆಯ ತಾರೀಖು ಅದು ಕದಲಿತು. ರಸ್ತೆಬದಿಯ ಅನಾಥ ವಾಹನಗಳನ್ನು ತೆರವು ಮಾಡಬೇಕೆಂದು ಹೊಸ ಆದೇಶ ಬಂದಿತ್ತು. ನಗರಸಭೆಯ ಇನ್ನೊಂದು ವಿಭಾಗದವರು ಕ್ರೇನ್ ತಂದು ಲಾರಿಯನ್ನು ಎತ್ತಿ, ಊರಾಚೆಯ ಹೊಸ ಬಡಾವಣೆಯ ಪಕ್ಕದ ಬಯಲಿನಲ್ಲಿ ತಾತ್ಕಾಲಿಕವಾಗಿ ಇಟ್ಟರು. ಒಂದು ವಿಭಾಗ ಮಾಡಿದ್ದು ಇನ್ನೊಂದು ವಿಭಾಗಕ್ಕೆ ಹೇಳುವ ರೂಢಿ ಅಲ್ಲಿ ಇರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಅಲ್ಲಿ ಎತ್ತಿಗೂ ಕೋಣಕ್ಕೂ ಪರಸ್ಪರ ಮುಖಪರಿಚಯವೇ ಇರಲಿಲ್ಲ.

ಅದೇ ವಾರ ನಾಯಿಯಣ್ಣ ಮಗಳ ಹೆರಿಗೆಗೆಂದು ರಜೆ ಹಾಕಿ ಪರವೂರಿಗೆ ಹೋಗಿದ್ದ. ಒಂಬತ್ತನೆಯ ತಾರೀಖು ನಾಯಿಯನ್ನು ಬಿಡುವ ಕೆಲಸ ವ್ಯಾನಿನ ಡ್ರೈವರ್ ಮಾವನ ಮೇಲೆ ಬಿತ್ತು. ಅವರು ಯಾರಿಗೂ ಮಾವನಲ್ಲ, ಆದರೂ ಇಡೀ ಕಚೇರಿಗೆ ಮಾವ. ಕಣ್ಣಿಗಿಂತ ಕಾಗದವನ್ನು ನಂಬುವ ಮನುಷ್ಯ. ಮಳೆ ಬರುತ್ತಿದೆ ಎಂದರೆ ಸುತ್ತೋಲೆ ಬಂದಿದೆಯಾ ಎಂದು ಕೇಳಿ ಕೊಡೆ ಬಿಚ್ಚುವವರು. ರಿಜಿಸ್ಟರ್ ಹಿಡಿದು ಸಾಮಿಲ್ ರಸ್ತೆಗೆ ಹೋದರು, ಲಾರಿ ಇಲ್ಲ. ವಿಚಾರಿಸಿದರು, ಜಾಡು ಹಿಡಿದರು, ಮೂರು ಮೈಲಿ ಆಚೆ ಬಯಲಿನಲ್ಲಿ ಲಾರಿಯನ್ನು ಪತ್ತೆ ಮಾಡಿದರು. ನಾಯಿಯನ್ನು ಅದರ ಕೆಳಗೆ ಬಿಟ್ಟು ಸಹಿ ಹಾಕಿದರು.

ರಜೆಯಿಂದ ಬಂದ ನಾಯಿಯಣ್ಣನಿಗೆ ಹೆಮ್ಮೆಯಿಂದ ಹೇಳಿದರು: “ನಿನ್ನ ಲಾರಿ ಹುಡುಕೋಕೆ ಎರಡು ಗಂಟೆ ಹಿಡೀತು ಮಾರಾಯ. ಆದ್ರೂ ಬಿಡಲಿಲ್ಲ. ಸರಿಯಾಗಿ ಅದರ ಕೆಳಗೇ ಬಿಟ್ಟು ಬಂದೆ.”

ನಾಯಿಯಣ್ಣ ಮೊದಲು ನಕ್ಕ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ನಗು ಅಲ್ಲೇ ನಿಂತಿತು. ನಾಯಿಯನ್ನು ಮತ್ತೆ ಹಿಡಿದು ಅದರ ರಸ್ತೆಗೆ ಒಯ್ಯಬೇಕೆಂದರೆ ವರದಿ ಬರೆಯಬೇಕು. ವರದಿ ಬರೆದರೆ ಯಾರ ತಪ್ಪು ಎಂದು ಕೇಳುತ್ತಾರೆ. ಡ್ರೈವರ್ ಮಾವನಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ಅದಕ್ಕಿಂತ ದೊಡ್ಡ ಮಾತು, ಹತ್ತೊಂಬತ್ತು ವರ್ಷ ದಿನಗೂಲಿಯವನಾಗಿದ್ದ ನಾಯಿಯಣ್ಣನ ಹೆಸರು ಕೊನೆಗೂ ಖಾಯಂ ನೌಕರರ ಪಟ್ಟಿಗೆ ಏರಿತ್ತು, ಮೂರನೆಯ ಸ್ಥಾನದಲ್ಲಿ. ಸೇವಾ ಕಡತದಲ್ಲಿ ಒಂದೇ ಒಂದು ದೋಷದ ಟಿಪ್ಪಣಿ ಬಿದ್ದರೂ ಹೆಸರು ಹೊಡೆದುಹಾಕುವುದು ಎಂದು ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು.

ನಾಯಿ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೊಂದಿಕೊಳ್ಳುವುದಿಲ್ಲ ಎಂದು ಊರಿಗೆಲ್ಲ ಹತ್ತೊಂಬತ್ತು ವರ್ಷ ಹೇಳಿದವನೂ ಅವನೇ. ಎರಡು ತಿಂಗಳಿಗೆ ಮಾವ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಹೋದರು. ಹೊಸ ಬಡಾವಣೆಯ ದಾರಿಯಲ್ಲಿ ವ್ಯಾನು ಹೋಗುವಾಗಲೆಲ್ಲ ನಾಯಿಯಣ್ಣ ಆಚೆ ಬದಿಯ ಕಿಟಕಿಯಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದ.

ನೂರಾ ಹನ್ನೆರಡು ಹೊಂದಿಕೊಳ್ಳಲಿಲ್ಲ. ಆ ಹೊಸ ಪ್ರಪಂಚದಲ್ಲಿ ಅದಕ್ಕೆ ಗೊತ್ತಿದ್ದ ವಸ್ತು ಆ ಲಾರಿ ಒಂದೇ. ಅದನ್ನು ಬಿಟ್ಟು ನಾಲ್ಕು ಮಾರು ಆಚೆ ಹೋಗುತ್ತಿರಲಿಲ್ಲ, ಬೇರೆಯವರನ್ನು ಹತ್ತಿರ ಬಿಡುತ್ತಲೂ ಇರಲಿಲ್ಲ. ಬಡಾವಣೆಯ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಅಮ್ಮ ಒಬ್ಬರೇ ಅದರ ಬಳಿ ಹೋಗುತ್ತಿದ್ದರು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬನ್ನು ಮುರಿದು ಹಾಕಿ, ನೀರಿಟ್ಟು ಬರುತ್ತಿದ್ದರು. ಐದನೆಯ ತಿಂಗಳಲ್ಲಿ ಲಾರಿಯ ಬಾನೆಟ್ ಎತ್ತಿ ನೋಡಿದ ಗುಜರಿಯವನನ್ನು ನಾಯಿ ಕಚ್ಚಿತು. ಆರನೆಯ ತಿಂಗಳಲ್ಲಿ, ಲಾರಿಯ ಮೈಯನ್ನು ಕೊಡೆಯ ತುದಿಯಿಂದ ತಟ್ಟಿ ನೋಡುತ್ತಿದ್ದ ಬಡಾವಣೆ ಸಂಘದ ಕಾರ್ಯದರ್ಶಿಯ ಮೀನಖಂಡಕ್ಕೆ ಬಾಯಿ ಹಾಕಿತು.

ಕಾರ್ಯದರ್ಶಿ ವಿಮಾ ಕಚೇರಿಯಿಂದ ನಿವೃತ್ತರಾದವರು. ದೂರು ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅವರ ಅರ್ಜಿಗಳನ್ನು ಇಡಲೆಂದೇ ನಗರಸಭೆ ಒಂದು ಕೋಣೆ ಕಟ್ಟಿಸಿತು, ಆ ಕೋಣೆಗೆ ಗಾಳಿ ಬೆಳಕು ಸಾಲದು ಎಂದು ಅವರೇ ಇನ್ನೊಂದು ಅರ್ಜಿ ಕೊಟ್ಟರು ಎಂಬ ಪ್ರತೀತಿ ಇದೆ. ಈ ಸಲದ ಅರ್ಜಿಯಲ್ಲಿ ಎರಡು ಬೇಡಿಕೆ. ಕೆರಳಿಸದೆ ಎರಡು ಸಲ ಕಚ್ಚಿದ ನಾಯಿಯನ್ನು ನಿಯಮದಂತೆ ಜೀವನಪರ್ಯಂತ ಬೋನಿನಲ್ಲಿಡಬೇಕು. ಬೀದಿಯ ನಾಯಿಗೆ ನಿತ್ಯ ಊಟ ಹಾಕುವವರೇ ಅದರ ಪಾಲಕರು ಎಂದು, ಚರ್ಚೆಗೆ ಬರಲಿರುವ ಹೊಸ ತಿದ್ದುಪಡಿ ಹೇಳುವುದರಿಂದ, ಔಷಧಿ ಅಂಗಡಿಯ ಪರವಾನಗಿಯನ್ನು ತಡೆಹಿಡಿಯಬೇಕು.

ವಿಚಾರಣೆ ಮರುದಿನ ಎಂದಾಗ, ಸಂಜೆ ನಾಯಿಯಣ್ಣ ಹೆಂಡತಿಯ ಹೊಲಿಗೆ ಯಂತ್ರದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದ. ಅವಳು ತೋಳು ಹೊಲಿಯುವುದನ್ನು ನಿಲ್ಲಿಸಲಿಲ್ಲ.

“ರಿಜಿಸ್ಟರಲ್ಲಿ ಹಳದಿ ಲಾರಿ ಅಂತ ಇದೆ. ಲಾರಿ ಈಗ ಅಲ್ಲೇ ಇದೆ. ಅಂದ್ರೆ ನೀವು ಸುಮ್ಮನಿದ್ರೆ ಎಲ್ಲಾ ಸರಿ?”

“ಎಲ್ಲಾ ಸರಿ.”

“ಬಾಯಿ ಬಿಟ್ರೆ?”

“ಟಿಪ್ಪಣಿ ಬೀಳತ್ತೆ. ಪಟ್ಟಿಯಿಂದ ಹೆಸರು ಹೋಗತ್ತೆ.”

“ಆ ಅಂಗಡಿ ಅಮ್ಮ ಹೇಗೆ?”

“ಹೇಗೂ ಇಲ್ಲ. ಆ ಕಡೆ ಕೆಲಸಕ್ಕೆ ಹೋದಾಗ, ನಾಯಿಗೆ ಹಾಕೋ ಬನ್ನಲ್ಲಿ ನನಗೂ ಒಂದು ಕೊಡ್ತಾರೆ.”

“ಅದೇ ಬನ್ನಾ?”

“ಅದೇ.”

ಅವಳು ದಾರ ಕಚ್ಚಿ ಕತ್ತರಿಸಿದಳು. “ನಾಳೆ ನೀವು ಏನು ಹೇಳಬೇಕು ಅಂತ ನಾನು ಹೇಳಲ್ಲ. ಆಮೇಲೆ ಜೀವನ ಪೂರ್ತಿ ನೀನೇ ಹೇಳಿದ್ದು ಅಂತೀರ. ಆದ್ರೆ ಆರು ತಿಂಗಳಿಂದ ಊಟಕ್ಕೆ ಕೂತಾಗ ನೀವು ಗೋಡೆ ನೋಡ್ತಿದ್ರಿ. ಅಲ್ಲಿ ಏನಿದೆ ಅಂತ ನಾನೂ ಎರಡು ಸಲ ಹೋಗಿ ನೋಡ್ಕೊಂಡು ಬಂದೆ.”

ಹೊಸ ಬಡಾವಣೆಯ ಸಮುದಾಯ ಭವನದಲ್ಲಿ ವಿಚಾರಣೆ. ನೂರು ಕುರ್ಚಿಗೆ ಮುನ್ನೂರು ಜನ. ಊಟ ಹಾಕುವವರು ಎಡಕ್ಕೆ, ಬೇಡ ಎನ್ನುವವರು ಬಲಕ್ಕೆ, ಎರಡೂ ಕಡೆ ಸಲ್ಲದವರು ಚಹಾದ ಕಡೆಗೆ. ವಾದದ ಬಿಸಿಗೆ ಛಾವಣಿಯ ಫ್ಯಾನುಗಳು ಕರೆಂಟು ಇಲ್ಲದೆಯೇ ತಿರುಗಿದವು. ಮಕ್ಕಳು ಶಾಲೆಗೆ ಹೋಗಲು ಹೆದರುತ್ತಾರೆ ಎಂದು ಒಬ್ಬ ತಾಯಿ ಹೇಳಿದಳು, ಅದು ನಿಜವಾಗಿತ್ತು. ನಾಯಿ ಇರುವ ಕಡೆ ರಾತ್ರಿ ಪಾಳಿ ಮುಗಿಸಿ ಬರಲು ಧೈರ್ಯ ಎಂದು ಒಬ್ಬ ದಾದಿ ಹೇಳಿದಳು, ಅದೂ ನಿಜವಾಗಿತ್ತು. ಎರಡು ನಿಜಗಳನ್ನು ಒಂದೇ ಕಡತದಲ್ಲಿ ಹೇಗೆ ಹೊಲಿಯುವುದೆಂದು ವೇದಿಕೆಯ ಮೇಲಿದ್ದ ಆರೋಗ್ಯಾಧಿಕಾರಿಣಿ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಅವರು ಈ ಊರಿಗೆ ಬಂದು ಮೂರು ವಾರವಾಗಿತ್ತು.

ಕಾರ್ಯದರ್ಶಿ ಕಾಲಿನ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಚಾಚಿ ನಿಂತರು. “ಇದು ನಮ್ಮ ಬಡಾವಣೆಯದೇ ನಾಯಿ ಮೇಡಂ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇವರ ಬನ್ನು ತಿಂದು ಕೊಬ್ಬಿದೆ,” ಎಂದು ಔಷಧಿ ಅಂಗಡಿಯ ಅಮ್ಮನ ಕಡೆ ಕೊಡೆ ತೋರಿಸಿದರು. ಆ ಬಡಾವಣೆಯಲ್ಲಿ ಯಾವ ನಾಯಿಯನ್ನೂ ತಮ್ಮದು ಎಂದು ಅವರು ಒಪ್ಪಿದ್ದು ಅದೇ ಮೊದಲು.

ಅಮ್ಮ ಎದ್ದು ನಿಂತರು. ದನಿ ಸಣ್ಣದು, ಔಷಧಿ ಚೀಟಿ ಓದಿ ಅಭ್ಯಾಸವಾದ ದನಿ. “ಆರು ತಿಂಗಳ ಹಿಂದೆ ಈ ನಾಯಿ ಇಲ್ಲಿ ಇರಲಿಲ್ಲ. ಒಂದು ದಿನ ನೋಡ್ತೀನಿ, ಲಾರಿ ಕೆಳಗೆ ಕೂತಿದೆ. ಎರಡು ದಿನ ಏನೂ ತಿನ್ನಲಿಲ್ಲ. ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.”

“ಆಕಾಶದಿಂದ ಬಿತ್ತೇನೋ,” ಎಂದ ಬಲಗಡೆಯವನೊಬ್ಬ.

“ಬಿದ್ದಿದ್ರೆ ನಿಮ್ಮ ಸಂಘದವರು ಆಕಾಶದ ಮೇಲೂ ಅರ್ಜಿ ಹಾಕಿರ್ತಿದ್ರು,” ಎಂದಳು ಎಡಗಡೆಯವಳೊಬ್ಬಳು. ಸಭೆ ನಕ್ಕಿತು. ಅಮ್ಮ ಮಾತ್ರ ನಗಲಿಲ್ಲ.

ಅಧಿಕಾರಿಣಿ ನಾಯಿಯಣ್ಣನನ್ನು ಕರೆದರು. “ನೂರಾ ಹನ್ನೆರಡನ್ನ ಹಿಡಿದದ್ದು ಎಲ್ಲಿ?”

ಅವನು ರಿಜಿಸ್ಟರ್ ತೆರೆದ. ತೆರೆಯುವ ಅಗತ್ಯವೇನೂ ಇರಲಿಲ್ಲ. “ಹಳದಿ ಲಾರಿಯ ಕೆಳಗೆ ಅಂತ ಇದೆ ಮೇಡಂ.”

“ಬಿಟ್ಟದ್ದು?”

“ಹಳದಿ ಲಾರಿಯ ಕೆಳಗೆ.”

“ಸರಿಯಾಗಿಯೇ ಇದೆಯಲ್ಲ,” ಎಂದು ಅವರು ಬರೆಯಲು ಬಗ್ಗಿದರು. ಕಾರ್ಯದರ್ಶಿ ತಲೆಯಾಡಿಸಿದರು. ಅಮ್ಮ ಕುರ್ಚಿಯಲ್ಲಿ ಕೂತು, ಕೈಚೀಲದ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಪೆನ್ನು ಕಾಗದಕ್ಕೆ ತಾಗಲು ಎಷ್ಟು ಹೊತ್ತು ಬೇಕೋ ಅಷ್ಟೇ ಸಮಯ ನಾಯಿಯಣ್ಣನಿಗಿತ್ತು. ಆ ಹೊತ್ತಿನಲ್ಲಿ ಅವನು ಹೋಗಿ ಕೂತಿದ್ದರೆ, ಮುಂದಿನ ತಿಂಗಳಿಂದ ಖಾಯಂ ನೌಕರ.

ಅವನು ಹೋಗಿ ಕೂರಲಿಲ್ಲ. “ಮೇಡಂ, ಲಾರಿ ಇಲ್ಲಿಗೆ ಬಂದದ್ದು ಯಾವತ್ತು ಅಂತ ಒಂದು ಸಲ ಕೇಳಿ.”

“ಯಾರನ್ನ ಕೇಳಲಿ?”

“ಇವರನ್ನೇ,” ಎಂದು ಕಾರ್ಯದರ್ಶಿಯತ್ತ ಕೈ ಮಾಡಿದ.

ದಾಖಲೆ ಕೇಳಿದರೆ ಕಾರ್ಯದರ್ಶಿಯವರಿಗೆ ಹಸಿದವನಿಗೆ ಎಲೆ ಹಾಕಿದ ಹಾಗೆ. ಕಂಕುಳಲ್ಲಿದ್ದ ಕಡತ ಬಿಚ್ಚಿ, ಕ್ಷಣದಲ್ಲಿ ಒಂದು ಹಾಳೆ ಎಳೆದರು. “ಆರನೇ ತಾರೀಖು ಮಧ್ಯಾಹ್ನ ತಂದು ಹಾಕಿದ್ರು ಮೇಡಂ. ಏಳನೇ ತಾರೀಖು ಬೆಳಿಗ್ಗೆಯೇ ನಾನು ಪ್ರತಿಭಟನಾ ಪತ್ರ ಕೊಟ್ಟಿದ್ದೀನಿ. ಸ್ವೀಕೃತಿ ಮೊಹರು ಇದೆ. ಇವತ್ತಿನವರೆಗೆ ಉತ್ತರ ಇಲ್ಲ.”

“ನಾಯಿ ಹಿಡಿದದ್ದು ನಾಲ್ಕನೇ ತಾರೀಖು,” ಎಂದ ನಾಯಿಯಣ್ಣ. “ಆಗ ಲಾರಿ ಸಾಮಿಲ್ ರಸ್ತೆಯಲ್ಲಿತ್ತು. ನಾಯಿಯೂ ಅಲ್ಲಿಯದೇ. ಒಂಬತ್ತಕ್ಕೆ ಬಿಡುವಾಗ ಲಾರಿ ಇಲ್ಲಿಗೆ ಬಂದಿತ್ತು, ಅದಕ್ಕೆ ಇಲ್ಲಿ ಬಿಟ್ಟಿದ್ದಾರೆ. ಅಮ್ಮ ಹೇಳಿದ್ದು ನಿಜ. ಇದು ಇವರ ನಾಯಿ ಅಲ್ಲ.”

ಕಾರ್ಯದರ್ಶಿ ತಮ್ಮ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಮೂವತ್ತು ವರ್ಷ ಅರ್ಜಿ ಬರೆದು, ಅದರಲ್ಲಿ ಒಂದು ಉಪಯೋಗಕ್ಕೆ ಬಂದದ್ದು ಇದೇ ಮೊದಲು, ಅದೂ ಎದುರಾಳಿಗೆ.

“ಬಿಟ್ಟದ್ದು ಯಾರು?” ಎಂದು ಅಧಿಕಾರಿಣಿ ಕೇಳಿದರು.

“ಬಿಟ್ಟವರು ರಿಜಿಸ್ಟರಲ್ಲಿ ಇದ್ದ ಹಾಗೇ ಬಿಟ್ಟಿದ್ದಾರೆ. ಹಾಗೆ ಬರೆದವನು ನಾನು. ಗೊತ್ತಾದ ಮೇಲೂ ಆರು ತಿಂಗಳು ಸುಮ್ಮನಿದ್ದವನೂ ನಾನೇ.”

ಅವರು ಅದನ್ನು ಬರೆದುಕೊಂಡರು. ಅಕ್ಷರ ಚೆನ್ನಾಗಿತ್ತು. ವೇದಿಕೆಯ ಕೆಳಗಿನಿಂದಲೂ ತಲೆಕೆಳಗಾಗಿ ಓದಬಹುದಾಗಿತ್ತು.

ಅಂದೇ ಆದೇಶ ಆಯಿತು. ಜಾಗ ಬದಲಾದ ನಾಯಿ ಕಚ್ಚಿದ್ದಕ್ಕೆ ನಗರಸಭೆ ಹೊಣೆ, ಕಚ್ಚಿಸಿಕೊಂಡ ಇಬ್ಬರ ಚಿಕಿತ್ಸೆ ನಗರಸಭೆಯದು. ಔಷಧಿ ಅಂಗಡಿಯ ಮೇಲಿನ ಅರ್ಜಿ ವಜಾ. ನಾಯಿಯನ್ನು ಮೂಲ ಜಾಗಕ್ಕೆ ಒಯ್ಯತಕ್ಕದ್ದು. ಊಟ ಹಾಕುವವರೇ ಪಾಲಕರು ಎಂಬ ತಿದ್ದುಪಡಿಯ ಮೇಲಿನ ಚರ್ಚೆ ಮುಂದಕ್ಕೆ ಹೋಯಿತು. ಅದು ಈಗಲೂ ಮುಂದಕ್ಕೆ ಹೋಗುತ್ತಲೇ ಇದೆ. ಲಾರಿಯ ಪ್ರಶ್ನೆ ಬೇರೆ ವಿಭಾಗಕ್ಕೆ ಸೇರಿದ್ದರಿಂದ ಅದನ್ನು ಯಾರೂ ಎತ್ತಲಿಲ್ಲ.

ಮೆಟ್ಟಿಲಿನ ಬಳಿ ಅಧಿಕಾರಿಣಿ ನಾಯಿಯಣ್ಣನನ್ನು ತಡೆದರು. “ರಿಜಿಸ್ಟರ್ ಪ್ರಕಾರ ಸರಿ ಇತ್ತಲ್ರೀ. ಅಷ್ಟಕ್ಕೇ ನಿಲ್ಲಿಸಿದ್ರೆ ನಾನೂ ಮುಂದೆ ಕೇಳ್ತಿರಲಿಲ್ಲ. ಈಗ ಟಿಪ್ಪಣಿ ಹಾಕದೆ ನನಗೆ ದಾರಿಯಿಲ್ಲ.”

“ಹಾಕಿ ಮೇಡಂ. ಅದು ಗೊತ್ತಿದ್ದೇ ಹೇಳಿದ್ದು.”

“ಪಟ್ಟಿಯಲ್ಲಿ ಮೂರನೆಯವರು ನೀವೇ ಅಂತೆ.”

“ನಾಲ್ಕನೆಯವನು ಸೊಳ್ಳೆಗೆ ಹೊಗೆ ಬಿಡೋನು. ಒಳ್ಳೆ ಮನುಷ್ಯ. ಕೆಮ್ಮು ಜಾಸ್ತಿ, ಖಾಯಂ ಆದ್ರೆ ಸಂಬಳದ ರಜೆಯಾದರೂ ಸಿಗತ್ತೆ,” ಎಂದು ಹೇಳಿ ಅವನು ಮೆಟ್ಟಿಲಿಳಿದ. ಅಧಿಕಾರಿಣಿ ಪೆನ್ನಿನ ಮುಚ್ಚಳ ಹಾಕಿದರು.

ಡ್ರೈವರ್ ಮಾವ ಸುದ್ದಿ ಕೇಳಿ ಮನೆಗೇ ಬಂದರು. ಕೂರಲಿಲ್ಲ. ಬಾಗಿಲಲ್ಲೇ ನಿಂತು, “ನನ್ನ ಹೆಸರು ಹೇಳಬಹುದಿತ್ತಲ್ಲೋ. ನಾನು ನಿವೃತ್ತ ಆದವನು, ನನಗೆ ಏನು ಮಾಡ್ತಿದ್ರು?” ಎಂದರು.

“ನೀವು ಕಾಗದದಲ್ಲಿ ಇದ್ದ ಹಾಗೆ ಮಾಡಿದ್ರಿ ಮಾವ.”

“ಅದು ಹೌದು,” ಎಂದರು ಮಾವ. ಆ ಮಾತಿನಲ್ಲಿ ಅವರಿಗೆ ಈಗಲೂ ಯಾವ ಸಂಶಯವೂ ಇರಲಿಲ್ಲ.

ಒಳಗಿನಿಂದ ಹೆಂಡತಿ, “ಕಾಫಿ ಮಾಡ್ತೀನಿ, ಕೂತ್ಕೊಳ್ಳಿ ಮಾವ. ಕೂತ್ಕೊಳ್ಳೋದಕ್ಕೂ ಆದೇಶ ಬೇಕಾ?” ಎಂದಳು. ಮಾವ ಕೂತರು.

ಮರುದಿನ ಬೆಳಿಗ್ಗೆ ನಾಯಿಯಣ್ಣ ಲಾರಿಯ ಬಳಿ ನೆಲದ ಮೇಲೆ ಕೂತು ಮುಕ್ಕಾಲು ಗಂಟೆ ಕಚೇರಿಯ ಸುದ್ದಿ ಹೇಳಬೇಕಾಯಿತು. ತನ್ನ ಸುದ್ದಿಯನ್ನು ಕೊನೆಗೆ ಹೇಳಿದ, ಚುಟುಕಾಗಿ. ಔಷಧಿ ಅಂಗಡಿಯ ಅಮ್ಮ ದೂರದಲ್ಲಿ ನಿಂತು ನೋಡುತ್ತಿದ್ದರು. ವ್ಯಾನಿನ ಬಾಗಿಲು ಹಾಕಿದ ಮೇಲೆ ಹತ್ತಿರ ಬಂದು, ಒಂದು ಪೊಟ್ಟಣ ಕೊಟ್ಟು ಹೋದರು.

ಸಾಮಿಲ್ ರಸ್ತೆಯಲ್ಲಿ ಲಾರಿ ಇದ್ದ ಜಾಗಕ್ಕೆ ಕಲ್ಲು ಹಾಸಿ ಬೈಕು ನಿಲ್ಲಿಸುವ ಗೆರೆ ಎಳೆದಿದ್ದರು. ವ್ಯಾನು ನಿಂತದ್ದೇ ತಡ, ಏಳೆಂಟು ಜನ ಸೇರಿದರು. ಹೋದ ನಾಯಿಯನ್ನು ಮತ್ತೆ ಯಾಕೆ ತಂದಿರಿ ಎಂದು ಒಬ್ಬ. ನಮ್ಮ ರಸ್ತೆಗೆ ಇರುವಷ್ಟೇ ಸಾಕು ಎಂದು ಇನ್ನೊಬ್ಬ. ನಾಯಿಯಣ್ಣ ಆದೇಶದ ಪ್ರತಿ ತೋರಿಸಿದ. ಬಿಟ್ಟದ್ದಕ್ಕೆ ಸಾಕ್ಷಿಯಾಗಿ ರಸ್ತೆಯವರೊಬ್ಬರ ಸಹಿ ಬೇಕಿತ್ತು. ಸಹಿ ಎಂದೊಡನೆ ಏಳೆಂಟು ಜನ ಇಬ್ಬರಾದರು, ಇಬ್ಬರು ಒಬ್ಬರಾದರು.

ಉಳಿದವರು ಸಾಮಿಲ್ಲಿನ ಮುದುಕ ಕಾವಲುಗಾರ. ಮರದ ಹೊಟ್ಟು ಮೆತ್ತಿದ ಕೈಯಲ್ಲಿ ಪೆನ್ನು ತೆಗೆದುಕೊಂಡು, ವ್ಯಾನಿನಿಂದಿಳಿದು ಕಲ್ಲುಹಾಸನ್ನು ಮೂಸುತ್ತಿದ್ದ ನಾಯಿಯನ್ನು ನೋಡಿದರು.

“ಇದು ಇಲ್ಲಿ ಇನ್ನೆಷ್ಟು ದಿನ ಇರತ್ತಪ್ಪ? ಮತ್ತೆ ಎತ್ತಿಕೊಂಡು ಹೋಗ್ತೀರೋ?”

“ಇಲ್ಲ ತಾತ. ಇದು ಖಾಯಂ. ದಿನಗೂಲಿ ಏನಿದ್ರೂ ನನ್ನದೇ.”

ಮುದುಕರು ಸಹಿ ಹಾಕಿದರು, ನಿಧಾನವಾಗಿ, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು. ನಾಯಿ ಸಾಮಿಲ್ಲಿನ ಗೇಟಿನೊಳಗೆ ನುಗ್ಗಿ, ಹೊಟ್ಟಿನ ರಾಶಿಯ ಮೇಲೆ ಮೂರು ಸುತ್ತು ತಿರುಗಿ ಮಲಗಿತು. ನಾಯಿಯಣ್ಣ ಪೊಟ್ಟಣ ಬಿಚ್ಚಿದ. ಹನ್ನೊಂದು ಗಂಟೆಗೆ ನೀರಿನ ಟ್ಯಾಂಕಿನ ಬೀದಿಯಿಂದ ಕರೆ ಬಂದಿತ್ತು, ಐದು ಮರಿ, ಒಂದು ತಾಯಿ. ವ್ಯಾನು ಹತ್ತಿ, ಒಂದು ಬನ್ನನ್ನು ಹೊಸ ಡ್ರೈವರಿಗೆ ಕೊಟ್ಟು, ಇನ್ನೊಂದನ್ನು ತಾನು ತಿನ್ನುತ್ತ, ಎಡಕ್ಕೆ ತಿರುಗಿಸು ಎಂದ.